ಮನೆಯಲ್ಲೇ ರೆಕಾರ್ಡಿಂಗ್ ಮಾಡಲು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್: ಏನು ನೋಡಿ ಕೊಳ್ಳಬೇಕು?

ಶ್ರುತಿಪೆಟ್ಟಿಗೆ (ಪ್ರಶ್ನೆ):

ಹಾಡು ಮತ್ತು ಗಿಟಾರ್, ಒಮ್ಮೆಗೆ ಹೆಚ್ಚೆಂದರೆ ಎರಡು ಮೈಕ್. ಹಾಡೊಂದಕ್ಕೆ 15–20 ಟ್ರ್ಯಾಕ್; ಅದರಲ್ಲಿ ಪಿಯಾನೊ, ಡ್ರಮ್ಸ್ ಎರಡೂ ಸಾಫ್ಟ್‌ವೇರ್ ವಾದ್ಯಗಳು. ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್. ಕಂಪ್ಯೂಟರ್ ಮಾತ್ರ ಬೇಕು, ಹಳೆಯದಾದರೂ ಅಡ್ಡಿಯಿಲ್ಲ. ಜಾಹೀರಾತುಗಳಲ್ಲಿ "ಐ7, 16 ಜಿಬಿ" ಅಂತಷ್ಟೇ ಬರೆದಿರುತ್ತಾರೆ. ಐ7 ಅಂದರೆ ಸಾಕೇ? ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ? ದುಡ್ಡು ಕೊಡುವ ಮುಂಚೆ ಅಲ್ಲೇ ಕೂತು ಏನೇನು ಪರೀಕ್ಷಿಸಬಹುದು?

ಮಂದ್ರಸ್ಥಾಯಿ:

ಐ7 ಅನ್ನುವುದು ಮನೆತನದ ಹೆಸರು, ಅಷ್ಟರಿಂದ ಆಳು ಗೊತ್ತಾಗುವುದಿಲ್ಲ. ಪೂರ್ತಿ ಮಾಡೆಲ್ ನಂಬರ್ ಕೇಳಿ. ಲ್ಯಾಪ್‌ಟಾಪ್‌ಗಳ ಐ7-7500ಯು ಒಳಗಿರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಮುಂದಿನ ತಲೆಮಾರಿನ ಐ5-8250ಯು ಒಳಗೆ ನಾಲ್ಕು. ಡೆಸ್ಕ್‌ಟಾಪ್‌ನಲ್ಲೂ ಹಾಗೇ: ಐ5-7500ಕ್ಕೆ 4 ಕೋರ್, ಐ5-8500ಕ್ಕೆ 6. ಹಾಗಾಗಿ ಇಂಟೆಲ್ ಆದರೆ 8ನೇ ತಲೆಮಾರಿನಿಂದ ಈಚಿನದು, ರೈಜೆನ್ ಆದರೆ 3000 ಸರಣಿಯಿಂದ ಈಚಿನದು ಹುಡುಕಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಯಂತ್ರಗಳು, ಬೆರಳೆಣಿಕೆಯ ಅಪವಾದ ಬಿಟ್ಟರೆ, 8ನೇ ತಲೆಮಾರಿನಿಂದಲೇ ಶುರು.

ಲ್ಯಾಪ್‌ಟಾಪಿನ ಪ್ರೊಸೆಸರ್ ಬದಲಿಸಲು ಬರುವುದಿಲ್ಲ. ರ‍್ಯಾಮ್, ಎಸ್‌ಎಸ್‌ಡಿ ಸಾಮಾನ್ಯವಾಗಿ ಬರುತ್ತದೆ. ಹೊಸ ತಲೆಮಾರು ಮತ್ತು 8 ಜಿಬಿ, ಹಳೆ ತಲೆಮಾರು ಮತ್ತು 16 ಜಿಬಿ, ಎರಡೂ ಒಂದೇ ಬೆಲೆಗೆ ಸಿಕ್ಕರೆ ಮೊದಲನೆಯದನ್ನೇ ತಗೊಳ್ಳಿ, 16ಕ್ಕೆ ಆಮೇಲೆ ಏರಿಸಿಕೊಳ್ಳಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಎಚ್ಚರ, ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಫಾರ್ಮ್ ಫ್ಯಾಕ್ಟರ್ ಎದುರು "ರೋ ಆಫ್ ಚಿಪ್ಸ್" ಅಂತ ಕಂಡರೆ ಅದು ಬೆಸೆದದ್ದು.

ಡಿಸ್ಕಿನ ಬಗ್ಗೆ ಸುಮ್ಮನೆ ಹೆದರುವವರೇ ಹೆಚ್ಚು. 24 ಬಿಟ್, 48 ಕಿಲೋಹರ್ಟ್ಸ್‌ನ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ಐದು ನಿಮಿಷದ ಹಾಡಿಗೆ 20 ಟ್ರ್ಯಾಕ್ ಹಾಕಿದರೂ 900 ಎಂಬಿ ದಾಟುವುದಿಲ್ಲ. ಜಾಗ ನುಂಗುವುದು ಪಿಯಾನೊ, ಡ್ರಮ್ಸ್ ಸ್ಯಾಂಪಲ್‌ಗಳು. 512 ಜಿಬಿ ಎಸ್‌ಎಸ್‌ಡಿ ಸಾಕು. ತಿರುಗುವ ಹಾರ್ಡ್ ಡಿಸ್ಕ್ ಬ್ಯಾಕಪ್ಪಿಗಿರಲಿ.

ತಂತಿಮೀಟು:

ಇದಕ್ಕೆ ತಕರಾರಿಲ್ಲ. ಆದರೆ ಕಾಗದದ ಮೇಲೆ ಎಲ್ಲ ಸರಿಯಿದ್ದೂ ರೆಕಾರ್ಡಿಂಗಿನಲ್ಲಿ ಚಟ್ ಚಟ್ ಅನ್ನುವ ಯಂತ್ರಗಳಿವೆ. ಕಂಪ್ಯೂಟರ್ ದನಿಯನ್ನು ಕಂತು ಕಂತಾಗಿ ಸಂಸ್ಕರಿಸುತ್ತದೆ, ಒಂದು ಕಂತಿನ ಅಳತೆಯೇ ಬಫರ್. ಬಫರ್ 128 ಸ್ಯಾಂಪಲ್, 48 ಕಿಲೋಹರ್ಟ್ಸ್ ಇಟ್ಟರೆ ಪ್ರತಿ ಕಂತನ್ನೂ ಮುಗಿಸಲು ಸಿಗುವ ಗಡುವು 2.67 ಮಿಲಿಸೆಕೆಂಡ್. ಅಷ್ಟರಲ್ಲಿ ವೈಫೈ ಡ್ರೈವರೋ ಬ್ಯಾಟರಿಯನ್ನು ಕಾಯುವ ಡ್ರೈವರೋ ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ಕಂತು ತಪ್ಪಿತು, ಕಿವಿಗೆ ಚಟ್ ಅಂತು. ಸಿಪಿಯು ಮೀಟರ್ 20% ತೋರಿಸುತ್ತಿದ್ದರೂ ಇದು ಆಗುತ್ತದೆ. ಕೋರ್ ಎಣಿಸಿದರೆ ಇದು ತಿಳಿಯುವುದಿಲ್ಲ.

ಹಾಗಾಗಿ ಪೆನ್ ಡ್ರೈವಿನಲ್ಲಿ ಲೇಟೆನ್ಸಿಮಾನ್ (ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವುದು), ಎಚ್‌ಡಬ್ಲ್ಯುಇನ್ಫೋ (ಉಷ್ಣತೆ, ವೇಗ ತೋರಿಸುವುದು), ಕ್ರಿಸ್ಟಲ್‌ಡಿಸ್ಕ್‌ಇನ್ಫೋ (ಡಿಸ್ಕಿನ ಆರೋಗ್ಯ ತೋರಿಸುವುದು), ಜೊತೆಗೆ ರೀಪರ್‌ನ ಪೋರ್ಟಬಲ್ ಇನ್‌ಸ್ಟಾಲ್ ಇಟ್ಟುಕೊಂಡು ಹೋಗಿ. ಚಾರ್ಜರ್ ಹಾಕಿ, ವೈಫೈ ಆನ್ ಇಟ್ಟು ಲೇಟೆನ್ಸಿಮಾನ್ ಹತ್ತು ನಿಮಿಷ ಓಡಿಸಿ. ಕೆಂಪು ಬಂದರೆ ವೈಫೈ ಆಫ್ ಮಾಡಿ ಮತ್ತೊಮ್ಮೆ. ಆಗ ಹಸಿರಾದರೆ ಚಿಂತೆಯಿಲ್ಲ, ರೆಕಾರ್ಡಿಂಗ್ ವೇಳೆ ವೈಫೈ ಆರಿಸಿದರಾಯಿತು. ವೈಫೈ ಆರಿಸಿದ ಮೇಲೂ ಡ್ರೈವರ್ ಪಟ್ಟಿಯ ಮೇಲ್ತುದಿಯಲ್ಲಿ ಎಸಿಪಿಐ (ವಿದ್ಯುತ್, ಬ್ಯಾಟರಿ ನೋಡಿಕೊಳ್ಳುವ) ಡ್ರೈವರೇ ಕೂತಿದ್ದರೆ ಅದು ಬಯಾಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಮಟ್ಟದ ತೊಂದರೆ ಇರಬಹುದು. ಬಯಾಸ್ ಅಪ್‌ಡೇಟಿನಿಂದ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಆ ಜೂಜು ನಿಮಗೆ ಬೇಡ.

ಅನಂತರ ಹತ್ತು ನಿಮಿಷ ಪೂರ್ತಿ ಹೊರೆ ಹಾಕಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಉಷ್ಣತೆ ಮತ್ತು ವೇಗ ನೋಡಿ. ವೇಗ ಮೂಲ ಮಟ್ಟಕ್ಕಿಂತ ಕೆಳಗೆ ಜಾರಿದರೆ ಧೂಳು ಕಟ್ಟಿರಬಹುದು ಅಥವಾ ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸುವ ಲೇಪ) ಒಣಗಿರಬಹುದು. ಬಹಳ ಸಲ ಸುಲಭದ ರಿಪೇರಿ ಅದು, ಚೌಕಾಸಿಗೂ ಒಳ್ಳೆ ನೆಪ. ಲ್ಯಾಪ್‌ಟಾಪನ್ನು ಸಪಾಟು ಮೇಜಿನ ಮೇಲಿಡಿ. ಅಲ್ಲಾಡಿದರೆ, ಅಥವಾ ಟಚ್‌ಪ್ಯಾಡ್ ಮೇಲೆದ್ದಂತಿದ್ದರೆ, ಬ್ಯಾಟರಿ ಊದಿರಬಹುದು. ಬಯಾಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಮಾರುವವರೇ ಎದುರಿಗೆ ತೆಗೆಯಲಿ. ಯಾವುದೋ ಸಂಸ್ಥೆಯ ಲಾಗಿನ್ ಕೇಳುವ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ಇಂಟರ್‌ಫೇಸನ್ನೂ ಒಯ್ಯಿರಿ. ಅದರ ಸ್ವಂತ ಎಎಸ್‌ಐಒ (ದನಿ ತಡವಾಗದಂತೆ ಸಾಗಿಸುವ) ಡ್ರೈವರ್ ಹಾಕಿ, ಒಂದೊಂದೇ ಯುಎಸ್‌ಬಿ ಪೋರ್ಟಿಗೆ ಚುಚ್ಚಿ ಎರಡೆರಡು ನಿಮಿಷ ರೆಕಾರ್ಡ್ ಮಾಡಿ.

ಸ್ವರಲಿಪಿ:

ಒಯ್ದಾಡುವ ಅಗತ್ಯ ಇಲ್ಲದಿದ್ದರೆ ಲ್ಯಾಪ್‌ಟಾಪ್ ಯಾಕೆ? ಕಚೇರಿಗಳಿಂದ ಹೊರಬೀಳುವ ಪುಟ್ಟ ಡೆಸ್ಕ್‌ಟಾಪ್‌ಗಳನ್ನು ನೋಡಿ: ಆಪ್ಟಿಪ್ಲೆಕ್ಸ್ ಮೈಕ್ರೋ, ಥಿಂಕ್‌ಸೆಂಟರ್ ಟೈನಿ, ಎಲೀಟ್‌ಡೆಸ್ಕ್ ಮಿನಿ. ಪ್ರೊಸೆಸರ್ ಹೆಸರಿನ ತುದಿಯಲ್ಲಿ "ಟಿ" ಇದ್ದರೆ 35 ವ್ಯಾಟ್‌ನದು. ಐ5-8500ರ ಮೂಲ ವೇಗ 3.0 ಗಿಗಾಹರ್ಟ್ಸ್, 8500ಟಿ ಬರೀ 2.1. ನಿಮ್ಮ 20 ಟ್ರ್ಯಾಕಿಗೆ ಟಿ ಸಾಕು, ಫ್ಯಾನ್ ಸದ್ದೂ ಕಡಿಮೆ. ಮೈಕ್ ಇರುವ ಕೋಣೆಯಲ್ಲೇ ಕಂಪ್ಯೂಟರ್ ಇರುವವರಿಗೆ ಇದು ಚಿಕ್ಕ ವಿಷಯ ಅಲ್ಲ. ಕೊಳ್ಳುವಾಗ ಪವರ್ ಅಡಾಪ್ಟರ್ ಜೊತೆಗಿದೆಯೇ ನೋಡಿ.

ಸ್ವಲ್ಪ ಹೆಚ್ಚು ಹಾಕಬಲ್ಲಿರಾದರೆ 2020ರ ಎಂ1 ಮ್ಯಾಕ್ ಮಿನಿ. ಹೊರೆ ಬಿದ್ದಾಗಲೂ ಸದ್ದಿಲ್ಲ ಅನ್ನುವಷ್ಟು ಶಾಂತ. 8 ಜಿಬಿ ಅಂದರೆ ಕೊನೆತನಕ 8 ಜಿಬಿಯೇ, ಆದ್ದರಿಂದ 16ರದ್ದೇ ಹುಡುಕಿ. ಹಿಂದಿನ ಮಾಲೀಕರು ಆಕ್ಟಿವೇಶನ್ ಲಾಕ್ (ಯಂತ್ರವನ್ನು ಅವರ ಆಪಲ್ ಖಾತೆಗೆ ಕಟ್ಟಿಡುವ ಬೀಗ) ತೆಗೆದಿದ್ದಾರೆ ಅನ್ನುವುದು ಖಚಿತವಾಗದೆ ದುಡ್ಡು ಕೊಡಬೇಡಿ. ಇಂಟೆಲ್ ಮ್ಯಾಕ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ: ಮ್ಯಾಕ್‌ಒಎಸ್ 26 ಅವುಗಳ ಪಾಲಿಗೆ ಕೊನೆಯ ಆವೃತ್ತಿ.

ಶ್ರುತಿಪೆಟ್ಟಿಗೆ:

ಮಿನಿ ಡೆಸ್ಕ್‌ಟಾಪ್, ಐ5-8500ಟಿ, 8 ಜಿಬಿ, 256 ಎಸ್‌ಎಸ್‌ಡಿ ಒಂದು ಕಣ್ಣಿಗೆ ಬಿದ್ದಿದೆ. ಹಾಡುವಾಗ ಹೆಡ್‌ಫೋನಿನಲ್ಲಿ ದನಿ ತಡವಾಗಿ ಕೇಳದಂತೆ ಬಫರ್ 64ಕ್ಕೆ ಇಳಿಸಿದರೆ ತಡೆದುಕೊಳ್ಳುತ್ತದಾ?

ಮಂದ್ರಸ್ಥಾಯಿ:

ಇಳಿಸುವುದೇ ಬೇಡ. ಇಂಟರ್‌ಫೇಸಿನ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಒತ್ತಿ, ರೀಪರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರಿಂಗ್ ಆಫ್ ಮಾಡಿ. ದನಿ ಕಂಪ್ಯೂಟರಿಗೆ ಹೋಗಿ ಬರುವ ಬದಲು ಇಂಟರ್‌ಫೇಸಿನಿಂದಲೇ ಹೆಡ್‌ಫೋನಿಗೆ ಬರುತ್ತದೆ. ಆಗ ಬಫರ್ 512 ಇದ್ದರೂ ಹಾಡುವವರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಆನ್ ಬಿಟ್ಟರೆ ದನಿ ಜೋಡಿಯಾಗಿ, ಕೊಳವೆಯೊಳಗೆ ಹಾಡಿದಂತೆ ಕೇಳುತ್ತದೆ. ಎಷ್ಟೋ ಜನ ಇದನ್ನು ಕಂಪ್ಯೂಟರಿನ ದೋಷ ಅಂದುಕೊಳ್ಳುತ್ತಾರೆ.

ಬಫರ್ 128ಕ್ಕೆ ಇಳಿಸಬೇಕಾದದ್ದು ಕೀಬೋರ್ಡಿನಲ್ಲಿ ಆ ಪಿಯಾನೊ ನುಡಿಸುವಾಗ ಮಾತ್ರ. ನುಡಿಸಿ ಮುಗಿದೊಡನೆ ಟ್ರ್ಯಾಕನ್ನು ಫ್ರೀಜ್ ಮಾಡಿ, ಸಾಫ್ಟ್‌ವೇರ್ ವಾದ್ಯ ಬರೀ ಆಡಿಯೊ ಆಗುತ್ತದೆ, ಹೊರೆ ಇಳಿಯುತ್ತದೆ. ಮಿಕ್ಸಿಂಗ್‌ಗೆ 1024.

ತಂತಿಮೀಟು:

ಆ ಮಿನಿಯಲ್ಲಿ 8 ಜಿಬಿ ಒಂದೇ ಕಡ್ಡಿಯಾಗಿದ್ದರೆ ಅದೇ ಬಗೆಯ ಇನ್ನೊಂದು ಡಿಡಿಆರ್4 ಲ್ಯಾಪ್‌ಟಾಪ್ ಕಡ್ಡಿ ಸೇರಿಸಿ. 4+4 ಇದ್ದರೆ ಎರಡನ್ನೂ ತೆಗೆಯಬೇಕಾದೀತು, ಬೆಲೆ ಮಾತಾಡುವ ಮುಂಚೆ ಕೇಳಿ. ತಂದ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿ, ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ವಿದ್ಯುತ್ ಉಳಿಸಲು ಯುಎಸ್‌ಬಿ ಸಾಧನವನ್ನು ಮಲಗಿಸುವ ಸೆಟ್ಟಿಂಗ್) ಆಫ್. ಇಂಟರ್‌ಫೇಸನ್ನು ಹಬ್ ಮೂಲಕ ಅಲ್ಲ, ನೇರ ಪೋರ್ಟಿಗೇ ಚುಚ್ಚಿ.