ನಾಲ್ಕು ದಿನಕ್ಕೆ ಮೂರು ಊರಾ?

(ನಮ್ಮ ಮನೆಯ ಗುಂಪಿನಲ್ಲಿ ಶನಿವಾರ ರಾತ್ರಿ ನಡೆದದ್ದು. ದೊಡ್ಡಪ್ಪ, ದೊಡ್ಡಮ್ಮ ಈಗ ಮಗನ ಮನೆಯಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದ್ದಾರೆ. ಗುಡ್ ನೈಟ್ ಹೂವುಗಳನ್ನು ತೆಗೆದು ಉಳಿದದ್ದನ್ನು ಹಾಕಿದ್ದೇನೆ.)

ಕಾವ್ಯ ಅತ್ತಿಗೆ: [ರೀಲ್: ಜನವರಿಯಲ್ಲೂ ಬೇಸಿಗೆ! ಸ್ಪೇನ್‌ನಲ್ಲಿ 4 ದಿನ, 3 ಊರು. ಬಾರ್ಸಿಲೋನಾ, ವೆಲೆನ್ಸಿಯಾ, ಗ್ರನಾಡಾ]

ಕಾವ್ಯ ಅತ್ತಿಗೆ: ಜನವರಿ 4ರ ವಾರ ಹೋಗೋಣ್ವಾ? ಇಲ್ಲಿ ನಾಲ್ಕೂವರೆಗೇ ಕತ್ತಲು. ಮಾವನವರು ದಿನವಿಡೀ ಕಿಟಕಿ ಮುಂದೆ ಕೂತಿರುತ್ತಾರೆ.

ಚೇತನ್ ಅಣ್ಣ: ನಾನಾಗಲೇ ಶೀಟ್ ಮಾಡಿದ್ದೇನೆ. ಸೋಮವಾರ ಬಾರ್ಸಿಲೋನಾ, ಮಂಗಳವಾರ ವೆಲೆನ್ಸಿಯಾ, ಬುಧವಾರ ಗ್ರನಾಡಾ, ಗುರುವಾರ ವಾಪಸ್. ಶುಕ್ರವಾರ ನನಗೆ ಆಫೀಸು.

ನಾನು: ಅಣ್ಣ, ಇದು ಪ್ರವಾಸವಾ, ಕೊರಿಯರ್ ಕೆಲಸವಾ? ವೆಲೆನ್ಸಿಯಾದಿಂದ ಗ್ರನಾಡಾಗೆ ಸುಮಾರು 500 ಕಿ.ಮೀ. ಬೆಂಗಳೂರಿಂದ ಬೆಳಗಾವಿಗೆ ಹೋದ ಹಾಗೆ. ಅಲ್ಲಿಗೆ ಹೋದ ಮೇಲೆ ಬರೀ ಗುಡ್ಡ ಹತ್ತುವುದು. ದೊಡ್ಡಪ್ಪನ ಮಂಡಿ ನೋವು ನೆನಪಿದೆಯಾ? ಸುಮ್ಮನೆ ವೆಲೆನ್ಸಿಯಾ ಒಂದರಲ್ಲೇ ಇದ್ದುಬಿಡಿ.

ದೊಡ್ಡಮ್ಮ: ಆ ಹುಡುಗಿ ಸಮುದ್ರದಲ್ಲಿ ಈಜುತ್ತಿದ್ದಾಳಲ್ಲ, ಅಷ್ಟು ಬಿಸಿಲಾ ಅಲ್ಲಿ?

ನಾನು: ಅದು ಬೇಸಿಗೆಯಲ್ಲಿ ತೆಗೆದದ್ದು ದೊಡ್ಡಮ್ಮ. ಹಿಂದೆ ನೋಡಿ, ಎಲ್ಲರೂ ಕೊಡೆ ಕೆಳಗೆ ಮಲಗಿದ್ದಾರೆ. ಜನವರಿಯಲ್ಲಿ ಸಮುದ್ರದ ನೀರು 14 ಡಿಗ್ರಿ ಆಸುಪಾಸು. ಮಧ್ಯಾಹ್ನ ಹೊರಗೆ 16, 17. ಬಿಸಿಲಲ್ಲಿ ಸ್ವೆಟರ್ ತೆಗೆಯಬೇಕು, ನೆರಳಿಗೆ ಬಂದರೆ ಮತ್ತೆ ಹಾಕಬೇಕು. ನಾನು ಒಂದು ಚಳಿಗಾಲ ವೆಲೆನ್ಸಿಯಾದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ನೆಲ ಪೂರ್ತಿ ಟೈಲ್ಸು, ಹೀಟರ್ ಹೆಸರಿಗೆ ಮಾತ್ರ. ರೂಮ್ ಬುಕ್ ಮಾಡುವಾಗ ಮೊದಲು ಹೀಟಿಂಗ್ ಇದೆಯಾ ಕೇಳಿ.

ಚಿಕ್ಕಪ್ಪ: 17 ಡಿಗ್ರಿ ಅಂದರೆ ನಮ್ಮ ಮಂಡ್ಯದ ಬೆಳಗಿನ ಜಾವ. ಅದಕ್ಕೆ ಅಷ್ಟು ದುಡ್ಡು ಸುರಿಯಬೇಕಾ?

ಕಾವ್ಯ ಅತ್ತಿಗೆ: ಇಲ್ಲಿ ಮೈನಸ್ 3 ಇದೆ ಚಿಕ್ಕಮಾವ. ನೀವು ಬಂದು ಒಂದು ವಾರ ಇರಿ, ಆಮೇಲೆ ಹೇಳಿ.

ಚೇತನ್ ಅಣ್ಣ: ಸರಿ, ಗ್ರನಾಡಾ ಬಿಡೋಣ. ಆದರೆ ವೆಲೆನ್ಸಿಯಾದಲ್ಲೇ ಕೂತು ಏನು ಮಾಡುವುದು? ಬಾರ್ಸಿಲೋನಾ ನೋಡದೆ ಸ್ಪೇನ್ ನೋಡಿದೆ ಅಂದರೆ ಯಾರು ನಂಬುತ್ತಾರೆ?

ನಾನು: ಯಾರನ್ನು ನಂಬಿಸಬೇಕು ಅಣ್ಣ? ವೆಲೆನ್ಸಿಯಾ ಊರಿನ ನಡುವೆ ತೂರಿಯಾ ಅಂತ ನದಿ ಇತ್ತು. 1957ರ ಅಕ್ಟೋಬರ್ 14ರಂದು ಊರೊಳಗೆ ನುಗ್ಗಿ 80ಕ್ಕೂ ಹೆಚ್ಚು ಜನರನ್ನು ಕೊಂದಿತು. ಆಮೇಲೆ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದರು. ಖಾಲಿ ಪಾತ್ರದಲ್ಲಿ ಹೆದ್ದಾರಿ ಹಾಕುವ ಯೋಚನೆ ಇತ್ತು, ಊರಿನವರು ಬಿಡಲಿಲ್ಲ. ಈಗ ಅದು ಸುಮಾರು 9 ಕಿ.ಮೀ. ಉದ್ದದ ತೋಟ. ಹಳೇ ಸೇತುವೆಗಳು ಹಾಗೇ ಇವೆ. ಕೆಳಗೆ ನೀರು ಹರಿಯುತ್ತಿದ್ದ ಕಡೆ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಎಲ್ಲ ಸಮತಟ್ಟು, ಎಷ್ಟು ಬೇಕಾದರೂ ನಡೆಯಬಹುದು.

ಚಿಕ್ಕಪ್ಪ: ಅಲ್ಲೇ ಅಲ್ವಾ ಪ್ರವಾಹ ಬಂದು ಕಾರುಗಳು ರಾಶಿ ಬಿದ್ದಿದ್ದು? ಟಿವಿಯಲ್ಲಿ ನೋಡಿದ್ದೆ.

ನಾನು: ಹೌದು, 2024ರ ಅಕ್ಟೋಬರ್ 29. 200ಕ್ಕೂ ಹೆಚ್ಚು ಜನ ಹೋದರು. ಬಹುಪಾಲು ತಿರುಗಿಸಿದ ನದಿಯ ಆಚೆ ಬದಿಯ ಊರುಗಳಲ್ಲಿ. ನಗರದ ಮಧ್ಯಭಾಗ ಉಳಿಯಿತು.

ದೊಡ್ಡಪ್ಪ: ಈಚೆ ಬದಿಯವರು ಉಳಿದರು, ಆಚೆ ಬದಿಯವರು ಹೋದರು. ಎಲ್ಲ ಕಡೆ ಇದೇ ಕಣಪ್ಪ. ಅಲ್ಲಿ ಬೇಸಾಯ ಏನು?

(ದೊಡ್ಡಪ್ಪ ಗುಂಪಿನಲ್ಲಿ ಟೈಪ್ ಮಾಡುವುದು ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ಎರಡು ನಿಮಿಷ ಯಾರೂ ಮಾತಾಡಲಿಲ್ಲ.)

ನಾನು: ಭತ್ತ, ಕಿತ್ತಳೆ, ತರಕಾರಿ ದೊಡ್ಡಪ್ಪ. ನದಿಯಿಂದ ಎಂಟು ನಾಲೆ ತೆಗೆದಿದ್ದಾರೆ. ನಾಲೆ ನೀರಿನ ಜಗಳ ತೀರಿಸುವುದಕ್ಕೇ ಒಂದು ನ್ಯಾಯಾಲಯ ಇದೆ. ಸಾವಿರ ವರ್ಷದ್ದು ಅಂತ ಅವರ ಹೇಳಿಕೆ. ಗುರುವಾರ ಮಧ್ಯಾಹ್ನ 12ಕ್ಕೆ ದೊಡ್ಡ ಚರ್ಚಿನ ಬಾಗಿಲ ಮುಂದೆ, ಬಯಲಲ್ಲೇ ಕೂರುತ್ತಾರೆ. ನಾಲೆಗೊಬ್ಬರಂತೆ ಎಂಟು ಜನ, ಎಲ್ಲರೂ ರೈತರು, ಕರಿ ಅಂಗಿ. ಆಯಾ ನಾಲೆಯ ರೈತರೇ ಆರಿಸಿದವರು. ಒಬ್ಬ ಎದ್ದು ನಾಲೆಗಳ ಹೆಸರು ಕೂಗುತ್ತಾನೆ. ದೂರು ಇದ್ದವರು ಬಂದು ಬಾಯಲ್ಲೇ ಹೇಳಬೇಕು. 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ದೊಡ್ಡಪ್ಪ: ವಕೀಲರು?

ನಾನು: ಇಲ್ಲ. ಮೇಲ್ಮನವಿಯೂ ಇಲ್ಲ. ಯಾವ ನಾಲೆಯವನ ಮೇಲೆ ದೂರು ಇದೆಯೋ ಆ ನಾಲೆಯ ನ್ಯಾಯಾಧೀಶ ತೀರ್ಪಿನಲ್ಲಿ ಸೇರುವುದಿಲ್ಲ.

ದೊಡ್ಡಪ್ಪ: ಭೇಷ್. ಇದನ್ನು ನೋಡಬೇಕು.

ಚೇತನ್ ಅಣ್ಣ: ಅಪ್ಪಾ, ಗುರುವಾರ 11ಕ್ಕೆ ನಮ್ಮ ವಾಪಸ್ ಫ್ಲೈಟ್. ಬೇಕಾದರೆ ಹಿಂದಿನ ವಾರವೇ ಹೋಗೋಣ. ಡಿಸೆಂಬರ್ 31 ಗುರುವಾರ, ನನಗೂ ರಜೆ.

ನಾನು: ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಅವರು ಕೂರುವುದಿಲ್ಲ ಅಣ್ಣ. 7ನೇ ತಾರೀಕೇ ಮೊದಲ ಗುರುವಾರ. ಅದೂ ಅಲ್ಲದೆ 5ರ ಸಂಜೆ, ಮಗು ಯೇಸುವನ್ನು ನೋಡಲು ಬಂದರು ಅನ್ನುವ ಮೂವರು ರಾಜರ ಮೆರವಣಿಗೆ ಇರುತ್ತದೆ. ಅಲ್ಲಿ ಮಕ್ಕಳಿಗೆ ಉಡುಗೊರೆ ತರುವುದು ಆ ರಾಜರೇ. ದಾರಿಯುದ್ದಕ್ಕೂ ಚಾಕೊಲೇಟು, ಪೆಪ್ಪರ್‌ಮೆಂಟು ಎರಚುತ್ತಾರೆ. 6ಕ್ಕೆ ಮಾತ್ರ ಅಂಗಡಿಗಳೆಲ್ಲ ಬಂದ್, ಸೆಂಟ್ರಲ್ ಮಾರ್ಕೆಟ್ ಕೂಡ. ಅವತ್ತು ನದಿ ತೋಟದಲ್ಲಿ ಅಡ್ಡಾಡಿ.

ಕಾವ್ಯ ಅತ್ತಿಗೆ: ಮಕ್ಕಳು ಪಕ್ಕದಲ್ಲೇ ಓದುತ್ತಿದ್ದಾರೆ. ಚಾಕೊಲೇಟ್ ಅಂತ ಬರೆದಿದ್ದೀಯ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.

ಚೇತನ್ ಅಣ್ಣ: ಒಂದು ನಿಮಿಷ. ಈಗ ಗೂಗಲ್ ಮಾಡಿದೆ. ಬಹಳ ಸಲ ದೂರೇ ಇರುವುದಿಲ್ಲವಂತೆ. ಹೆಸರು ಕೂಗಿ ಐದು ನಿಮಿಷದಲ್ಲಿ ಎದ್ದು ಹೋಗುತ್ತಾರಂತೆ. ಇದನ್ನು ಯಾಕೆ ಹೇಳಲಿಲ್ಲ ನೀನು?

ನಾನು: ಕೇಳಲಿಲ್ಲವಲ್ಲ 🙂

ಚೇತನ್ ಅಣ್ಣ: ಐದು ನಿಮಿಷಕ್ಕೆ ಒಂದು ರಾತ್ರಿ ಹೋಟೆಲ್, ಒಂದು ದಿನ ರಜೆ. ಚೆನ್ನಾಗಿದೆ.

ದೊಡ್ಡಪ್ಪ: ಚೇತನ, ನಾನು 31 ವರ್ಷ ನಾಲೆ ಮೇಲೆ ಕೆಲಸ ಮಾಡಿದವನು. ನೀರುಗಂಟಿ ತೂಬು ಮುಚ್ಚಿ ಬಂದರೆ ರಾತ್ರಿ ಬಂದು ಒಡೆಯುತ್ತಿದ್ದರು. ಕೊನೇ ಭಾಗದ ರೈತರು ಬೆಳಿಗ್ಗೆ ಆಫೀಸಿಗೆ ಮುತ್ತಿಗೆ. ದೂರಿಲ್ಲದ ಒಂದು ವಾರ ನಾನು ಕಂಡಿಲ್ಲ. ನೀರಿನ ಜಗಳ ಇಲ್ಲ ಅಂತ ಐದು ನಿಮಿಷದಲ್ಲಿ ಎದ್ದು ಹೋಗುವವರನ್ನೇ ನಾನು ನೋಡಬೇಕು.

ಚಿಕ್ಕಪ್ಪ: 👏👏

ಕಾವ್ಯ ಅತ್ತಿಗೆ: ಚೇತನ್, ಶುಕ್ರವಾರ ರಜೆ ಹಾಕಿ. ಮಕ್ಕಳ ಸ್ಕೂಲ್ ಸೋಮವಾರ ಅಲ್ವಾ.

ದೊಡ್ಡಮ್ಮ: ಊಟಕ್ಕೆ ಏನು ಸಿಗುತ್ತದೆ?

ನಾನು: ಪಾಯೆಯಾ ಅಲ್ಲಿಯದೇ. ಅಗಲ ಬಾಣಲೆಯಲ್ಲಿ ಅನ್ನ, ಕೋಳಿ, ಮೊಲ, ಉದ್ದ ಬೀನ್ಸು, ದಪ್ಪ ಅವರೆಯಂಥ ಕಾಳು. ತಳ ಹಿಡಿದ ಅನ್ನಕ್ಕೆ ಜಗಳ ಆಡುತ್ತಾರೆ. ಊರಿನವರು ಮಧ್ಯಾಹ್ನ ಮಾತ್ರ ತಿನ್ನುತ್ತಾರೆ. ಕಿತ್ತಳೆಗೂ ಈಗಲೇ ಕಾಲ. ಆದರೆ ಬೀದಿ ಮರದ್ದು ಕೀಳಬೇಡಿ, ಬಾಯಿಗೆ ಇಡಕ್ಕಾಗದಷ್ಟು ಕಹಿ. ನಮ್ಮ ಹೇರಳೆಕಾಯಿ ಥರ.

ದೊಡ್ಡಮ್ಮ: ಹಾಗಾದರೆ ಉಪ್ಪಿನಕಾಯಿಗೆ ಆಗುತ್ತದೆ. ಖಾರದಪುಡಿ ತಂದಿದ್ದೇನೆ.

ನಾನು: ದೊಡ್ಡಮ್ಮ, ಅದು ಮುನಿಸಿಪಾಲಿಟಿ ಮರ!

ಚೇತನ್ ಅಣ್ಣ: ಶೀಟ್ ತಿದ್ದಿದ್ದೇನೆ. ಸೋಮವಾರ ಬಾರ್ಸಿಲೋನಾ, ಮಂಗಳವಾರ ಬೆಳಿಗ್ಗೆ ರೈಲು, ಮೂರು ಗಂಟೆ. ಮಂಗಳವಾರದಿಂದ ಶುಕ್ರವಾರದವರೆಗೆ ವೆಲೆನ್ಸಿಯಾ. ಬಾರ್ಸಿಲೋನಾ ಸಾಲನ್ನು ಯಾರೂ ಮುಟ್ಟಬೇಡಿ.

ದೊಡ್ಡಪ್ಪ: ಮಗ, ಅವರು ನೀರು ಬಿಡುವುದು ಗಂಟೆ ಲೆಕ್ಕದಲ್ಲಾ, ಎಕರೆ ಲೆಕ್ಕದಲ್ಲಾ? ವಿಚಾರಿಸಿ ಹೇಳು.