ಸಹಾಯ ಬೇಕು: ಗ್ರಾಂಪ್ಸ್‌ನಲ್ಲಿ ಫೋಟೊ, ಪಹಣಿ ಫೈಲ್‌ಗಳನ್ನು ಹೇಗೆ ಜೋಡಿಸಿಡುತ್ತೀರಿ?

ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಗ್ರಾಂಪ್ಸ್ ಅನ್ನುವ ವಂಶವೃಕ್ಷದ ಸಾಫ್ಟ್‌ವೇರ್‌ನಲ್ಲಿ ನಮ್ಮ ಮನೆತನದ ವಂಶವೃಕ್ಷ ಮಾಡುತ್ತಿದ್ದೇನೆ, ಆರು ತಲೆಮಾರು ಆಯ್ತು. ಫೋಟೊ, ಪಹಣಿ, ಲಗ್ನಪತ್ರಿಕೆ ಸೇರಿ 900ಕ್ಕೂ ಜಾಸ್ತಿ ಫೈಲ್, ಎಲ್ಲಾ ಸುಮ್ನೆ ಡೆಸ್ಕ್‌ಟಾಪ್ ಮೇಲೆ ಸುರಿದಿದ್ದೆ. ಮೊನ್ನೆ ಅಚ್ಚುಕಟ್ಟಾಗಿರಲಿ ಅಂತ ಒಂದು ಫೋಲ್ಡರ್‌ಗೆ ಸರಿಸಿದೆ ನೋಡಿ, ಅಜ್ಜಿಯ ಮದುವೆ ಫೋಟೊ ಸಮೇತ ಒಂದೂ ತೆರೆಯುತ್ತಿಲ್ಲ! ಗ್ರಾಂಪ್ಸ್ ಫೋಟೊವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಫೈಲ್ ಎಲ್ಲಿದೆ ಅನ್ನುವ ದಾರಿ ಮಾತ್ರ ಬರೆದುಕೊಳ್ಳುತ್ತದೆ ಅಂತ ಆಮೇಲೆ ತಿಳಿಯಿತು. ಚಿತ್ರದುರ್ಗದ ಚಿಕ್ಕಪ್ಪನಿಗೆ ಜೆಡ್‌ಕಾಮ್ (GEDCOM, ವಂಶವೃಕ್ಷದ ಮಾಹಿತಿಯನ್ನು ಬೇರೆಯವರಿಗೆ ಕೊಡುವ ಮಾದರಿ) ಫೈಲ್ ಕಳಿಸಿದಾಗಲೂ ಫೋಟೊ ಹೋಗಲಿಲ್ಲ, ಅದೂ ಇದೇ ಕಾರಣಕ್ಕೆ.

ಟೂಲ್ಸ್‌ನ ಮೀಡಿಯಾ ಮ್ಯಾನೇಜರ್‌ನಲ್ಲಿ ಎಲ್ಲಾ ದಾರಿಗಳನ್ನು ಒಟ್ಟಿಗೆ ಬದಲಿಸಬಹುದಂತೆ. ಯಾರಾದರೂ ಮಾಡಿದ್ದೀರಾ? ಬ್ಯಾಕಪ್ ತೆಗೆದಿಟ್ಟಿದ್ದೇನೆ, ಆದರೂ ಕೈ ನಡುಗುತ್ತದೆ.

ಇನ್ನೊಂದು, ಇದೇ ದೊಡ್ಡ ತಲೆನೋವು. ಫೋಲ್ಡರ್ ಮನೆತನದ ಹೆಸರಲ್ಲಿ ಮಾಡಲಾ, ಊರಿನ ಹೆಸರಲ್ಲಾ? ಅತ್ತೆಯ ಫೋಟೊ ತವರಿನ ಫೋಲ್ಡರ್‌ಗಾ, ಗಂಡನ ಮನೆಯದಕ್ಕಾ? ಜಿಲ್ಲೆವಾರು ಮಾಡೋಣ ಅಂದರೆ, ನಮ್ಮ ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಹಳೇ ಕಾಗದದಲ್ಲೆಲ್ಲಾ ಹಾಗೇ ಇದೆ. ನೀವು ಹೇಗೆ ಇಟ್ಟಿದ್ದೀರಿ, ಒಂದು ಸ್ಕ್ರೀನ್‌ಶಾಟ್ ಹಾಕಿದರೂ ಸಾಕು.