ಪ್ರೊಸೆಸರ್ ಬೇರೆ ತಗೊಳ್ಬೇಕಾ, ರಿಸೀವರ್ ಸಾಕಾ?

ಪ್ರಶ್ನೆ, ಶಿವಮೊಗ್ಗದಿಂದ:

ಸರ್ ನಮಸ್ಕಾರ. ಹೊಸ ಮನೆ ಕಟ್ಟಿಸುತ್ತಿದ್ದೇವೆ. ಮಹಡಿ ಮೇಲೆ ಒಂದು ಕೋಣೆ ಹೋಮ್ ಥಿಯೇಟರ್‌ಗೆ ಅಂತಲೇ ಬಿಟ್ಟಿದ್ದೇನೆ. 16 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಆರ್‌ಸಿಸಿ ಮೋಲ್ಡ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಪ್ಲಾಸ್ಟರಿಂಗ್ ಮುಂದಿನ ವಾರ. ಟಿವಿ ಬಿಟ್ಟು ಬರೀ ಸೌಂಡಿಗೆ 4 ಲಕ್ಷ ಇಟ್ಟಿದ್ದೇನೆ. ಅಂಗಡಿಯವರೊಬ್ಬರು ರಿಸೀವರ್ ಎಲ್ಲ ಬೇಡ, ಸರೌಂಡ್ ಪ್ರೊಸೆಸರ್ ಬೇರೆ, ಪವರ್ ಆಂಪ್ ಬೇರೆ ತಗೊಳ್ಳಿ, ಅದೇ ನಿಜವಾದ ಥಿಯೇಟರ್ ಅಂದರು. ಆ ಎರಡಕ್ಕೇ ಎರಡೂಮುಕ್ಕಾಲು ಲಕ್ಷ, ಮಿಕ್ಕಿದ್ದರಲ್ಲಿ ಸ್ಪೀಕರ್ ಅಂತ ಅವರ ಲೆಕ್ಕ. ನಾವು ನೋಡುವುದು ಹೆಚ್ಚಾಗಿ ಓಟಿಟಿ, ಮಗ ಗೇಮ್ ಆಡುತ್ತಾನೆ. ಏನು ಮಾಡಲಿ?

ಉತ್ತರ, ಬೆಂಗಳೂರಿನ ಇನ್‌ಸ್ಟಾಲರ್:

ಅಂಗಡಿಯವರು ಹೇಳಿದ್ದು ಸುಳ್ಳಲ್ಲ ಸರ್, ಆದರೆ ನಿಮ್ಮ ಕೋಣೆಗೆ ಅದು ಉಲ್ಟಾ ಲೆಕ್ಕ. ಮನೆ ಕಟ್ಟುವ ದುಡ್ಡೆಲ್ಲ ಬಾಗಿಲಿಗೇ ಹಾಕಿದ ಹಾಗೆ.

ಪ್ರೊಸೆಸರ್ ಮಾಡುವ ಕೆಲಸ ಇಷ್ಟು. ಒಳಗೆ ಬಂದ ಡಾಲ್ಬಿ ಅಥವಾ ಡಿಟಿಎಸ್ ಸಿಗ್ನಲ್ ಬಿಡಿಸುತ್ತದೆ, ಯಾವ ಸದ್ದು ಯಾವ ಸ್ಪೀಕರಿಗೆ ಅಂತ ಹಂಚುತ್ತದೆ, ಹತ್ತಿರದ ಸ್ಪೀಕರಿನ ಸದ್ದನ್ನು ಒಂಚೂರು ತಡಮಾಡಿ ಎಲ್ಲ ಒಟ್ಟಿಗೆ ಕಿವಿಗೆ ತಲುಪುವಂತೆ ಮಾಡುತ್ತದೆ, ಬೇಸ್ ಬೇರೆ ಮಾಡಿ ಸಬ್‌ವೂಫರಿಗೆ ಕಳಿಸುತ್ತದೆ, ಕೋಣೆಗೆ ತಕ್ಕಂತೆ ಸದ್ದನ್ನು ತಿದ್ದುತ್ತದೆ. ಅದರೊಳಗೆ ಆಂಪ್, ಅಂದರೆ ಸ್ಪೀಕರ್ ಓಡಿಸಲು ಸಿಗ್ನಲ್‌ಗೆ ಶಕ್ತಿ ತುಂಬುವ ಭಾಗ, ಇರುವುದಿಲ್ಲ. ರಿಸೀವರ್‌ನಲ್ಲೂ ಇದೇ ಪ್ರೊಸೆಸರ್ ಇರುತ್ತದೆ, ಜೊತೆಗೆ ಅದೇ ಡಬ್ಬಿಯಲ್ಲಿ 7 ಅಥವಾ 9 ಚಾನೆಲ್ ಆಂಪ್, ಅಂದರೆ ಅಷ್ಟು ಸ್ಪೀಕರ್ ಓಡಿಸುವಂಥದ್ದು, ಕೂಡ ಇರುತ್ತದೆ. ಹಾಗಾಗಿ ಪ್ರಶ್ನೆ ಇರುವುದು ಒಂದೇ, ರಿಸೀವರ್ ಒಳಗಿನ ಆಂಪ್ ನಿಮಗೆ ಸಾಲುತ್ತಾ?

ಲೆಕ್ಕ ಹಾಕೋಣ. ಸೋಫಾ ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದಕ್ಕೆ ಹಾಕಿದರೆ ಮುಂದಿನ ಸ್ಪೀಕರಿಗೂ ನಿಮಗೂ ಸುಮಾರು 10 ಅಡಿ. ಸಾಧಾರಣ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 10 ಅಡಿಗೆ ಬರುವಷ್ಟರಲ್ಲಿ ಅದು 78ಕ್ಕೆ ಇಳಿಯುತ್ತದೆ. ವ್ಯಾಟ್ ಎರಡರಷ್ಟಾದರೆ 3 ಡೆಸಿಬಲ್ ಜಾಸ್ತಿ, ಹತ್ತರಷ್ಟಾದರೆ 10 ಜಾಸ್ತಿ. ಅಂದರೆ 50 ವ್ಯಾಟಿಗೆ 95 ಡೆಸಿಬಲ್. ಸಿನಿಮಾ ಮಿಕ್ಸ್ ಮಾಡುವವರ ರೆಫರೆನ್ಸ್ ಮಟ್ಟದಲ್ಲಿ ಒಂದೊಂದು ಚಾನೆಲ್ಲಿನ ತುತ್ತತುದಿ 105. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ, 10 ಕಡಿಮೆ ಇಟ್ಟರೂ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಅದೂ 80 ಹರ್ಟ್ಜ್‌ಗಿಂತ ಕೆಳಗಿನ ಭಾರವನ್ನೆಲ್ಲ ಸಬ್‌ವೂಫರ್ ತನ್ನದೇ ಆಂಪ್‌ನಲ್ಲಿ ಹೊತ್ತುಕೊಂಡಿರುತ್ತದೆ. ಹಾಗಾಗಿ ಒಂದು ಒಳ್ಳೆಯ ರಿಸೀವರ್ ನಿಮ್ಮ ಕೋಣೆಗೆ ಧಾರಾಳ.

ವ್ಯಾಟ್ ಓದುವಾಗ ಮಾತ್ರ ಹುಷಾರು. ಡಬ್ಬಿ ಮೇಲೆ ದೊಡ್ಡದಾಗಿ ಬರೆದದ್ದು ಎಷ್ಟೋ ಸಲ ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಜ್‌ನಲ್ಲಿ, 10 ಶೇಕಡ ಡಿಸ್ಟಾರ್ಷನ್ ಇಟ್ಟು ಅಳೆದದ್ದು. ನೀವು ಹುಡುಕಬೇಕಾದ್ದು 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡು ಚಾನೆಲ್ ಓಡಿಸಿ ಅಳೆದ ಅಂಕಿ. ಇನ್ನು ಪಿಎಂಪಿಒ ಅಂತ 3000, 5000 ಬರೆದಿರುತ್ತಾರಲ್ಲ, ಅದನ್ನು ಓದಲೇಬೇಡಿ.

ನಿಮ್ಮ ನಿಜವಾದ ತಲೆನೋವು ಆಂಪ್ ಅಲ್ಲ, ಕೋಣೆ. 16 ಅಡಿ ಉದ್ದಕ್ಕೆ 35 ಹರ್ಟ್ಜ್ ಹತ್ತಿರ, 11 ಅಡಿ ಅಗಲಕ್ಕೆ 51ರ ಹತ್ತಿರ, 10 ಅಡಿ ಎತ್ತರಕ್ಕೆ 56ರ ಹತ್ತಿರ ಬೇಸ್ ಗುಂಯ್ ಅಂತ ನಿಲ್ಲುತ್ತದೆ. ಒಂದು ಜಾಗದಲ್ಲಿ ಕೂತರೆ ಎದೆ ನಡುಗುತ್ತದೆ, ಎರಡು ಅಡಿ ಸರಿದರೆ ಬೇಸೇ ಇಲ್ಲ. ಒಂದೂವರೆ ಲಕ್ಷದ ಪ್ರೊಸೆಸರ್ ತಂದರೂ ಇಲ್ಲದ ಬೇಸನ್ನು ಆ ಜಾಗಕ್ಕೆ ತರುವುದಿಲ್ಲ. ಎರಡು ಸಬ್‌ವೂಫರ್ ತರುತ್ತವೆ. ಹರ್ಮನ್ ಕಂಪನಿಯ ಸಂಶೋಧಕರು 2002ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಎದುರು ಬದುರು ಗೋಡೆಗಳ ನಡುಮಧ್ಯದಲ್ಲಿ ಒಂದೊಂದು ಇಟ್ಟರೆ ಎಲ್ಲ ಸೀಟಿಗೂ ಬೇಸ್ ಹೆಚ್ಚು ಕಡಿಮೆ ಸಮನಾಗಿ ಬರುತ್ತದೆ. ಒಂದು ದೊಡ್ಡದರ ಬದಲು ಎರಡು ಮಧ್ಯಮ ತಗೊಳ್ಳಿ.

ನಾನಾಗಿದ್ದರೆ 4 ಲಕ್ಷದಲ್ಲಿ ರಿಸೀವರಿಗೆ ಮೂರನೇ ಒಂದು ಪಾಲು ದಾಟಿಸುತ್ತಿರಲಿಲ್ಲ. ಮಿಕ್ಕಿದ್ದು ಸ್ಪೀಕರ್, ಎರಡು ಸಬ್, ಗೋಡೆ ಕೆಲಸ.

ರಿಸೀವರ್ ಆರಿಸುವಾಗ ಪ್ರೀ-ಔಟ್, ಅಂದರೆ ಒಳಗಿನ ಆಂಪ್ ದಾಟದ ಸಿಗ್ನಲ್ಲನ್ನು ಹೊರಗೆ ಕೊಡುವ ಕಿಂಡಿ, ಇದೆಯಾ ನೋಡಿ. ಮುಂದೆ ಆಂಪ್ ಸಾಲದು ಅನಿಸಿದರೆ ಅದೇ ರಿಸೀವರನ್ನೇ ಪ್ರೊಸೆಸರ್ ಥರ ಬಳಸಿ ಹೊರಗಿನ ಆಂಪ್ ಸೇರಿಸಬಹುದು, ಇದನ್ನು ಅಂಗಡಿಯಲ್ಲಿ ಯಾಕೋ ಹೇಳುವುದೇ ಇಲ್ಲ. ಎರಡು ಸಬ್ ಔಟ್ ಇದ್ದರೆ ಅವೆರಡಕ್ಕೂ ದೂರ, ಮಟ್ಟ ಬೇರೆ ಬೇರೆ ಹೊಂದಿಸಲು ಬರುತ್ತಾ ಅಂತ ಕೇಳಿ, ಕೆಲವದರಲ್ಲಿ ಎರಡೂ ಒಳಗೆ ಒಂದೇ ತಂತಿ. ಮಗನ ಗೇಮಿಗೆ 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್‌ನಂತೆ ದಾಟಿಸುವ ಎಚ್‌ಡಿಎಂಐ 2.1 ಬೇಕು. ಕೊನೆಯದು ರೂಮ್ ಕರೆಕ್ಷನ್, ಅಂದರೆ ಮೈಕ್ ಇಟ್ಟು ಅಳೆದು ಕೋಣೆಗೆ ತಕ್ಕಂತೆ ಸದ್ದು ತಿದ್ದುವ ವ್ಯವಸ್ಥೆ. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಾವೊ, ಆಂಥಮ್‌ನಲ್ಲಿ ಅವರದೇ ಎಆರ್‌ಸಿ, ಒಂಕ್ಯೊದ ಕೆಲವು ಮಾಡೆಲ್‌ಗಳಲ್ಲಿ ಸ್ವೀಡನ್ನಿನ ಡಿರಾಕ್. ಬೇಸ್ ತಿದ್ದುವುದರಲ್ಲಿ ನನಗೆ ಡಿರಾಕ್ ಇಷ್ಟ, ಆದರೆ ಸರಿಯಾಗಿ ಕೂತು ಅಳೆದರೆ ಎಲ್ಲವೂ ಕೆಲಸ ಮಾಡುತ್ತವೆ.

ಅಳೆಯುವಾಗ ಫ್ಯಾನ್ ಆಫ್ ಮಾಡಿ. ನಗಬೇಡಿ, ನಾನೇ ಒಂದು ಮನೆಯಲ್ಲಿ ಫ್ಯಾನ್ ಓಡುತ್ತಿರುವಾಗಲೇ, ಅದೂ ಕೆಳಗೆ ಕುಕ್ಕರ್ ಕೂಗುವಾಗ ಮೈಕ್ ಇಟ್ಟು ಅಳೆದು, ಸೆಂಟರ್ ಸ್ಪೀಕರಿನ ಮಟ್ಟ ಯಾಕೆ ಹೀಗೆ ಬಂತು ಅಂತ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ.

ಪ್ರಶ್ನೆ, ಶಿವಮೊಗ್ಗದಿಂದ:

ತುಂಬಾ ಥ್ಯಾಂಕ್ಸ್ ಸರ್. ಇನ್ನೆರಡು. ನಮ್ಮ ಭಾವ ಅಮೆರಿಕದಲ್ಲಿದ್ದಾರೆ, ಡಿಸೆಂಬರಿಗೆ ಬರುತ್ತಾರೆ. ಅಲ್ಲಿ ರಿಸೀವರ್ ರೇಟು ಕಡಿಮೆ, ತರಿಸಲಾ? ಮತ್ತೆ ಟೈಲ್ಸ್ ಮೇಲೆ ಜಮಖಾನ ಹಾಸಿದರೆ ಎಕೋ ಹೋಗುತ್ತಾ? ಮನೆಯಲ್ಲಿ ನವಲಗುಂದದ್ದು ಒಂದು ದೊಡ್ಡದಿದೆ.

ಉತ್ತರ:

ತರಿಸಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರ ಪ್ಲಗ್ ಹಾಕಿದರೆ ಅವತ್ತೇ ಅದರ ತಿಥಿ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಓಡಿಸುವವರಿದ್ದಾರೆ, ಆದರೆ ಅದು ಇನ್ನೊಂದು ಭಾರ, ಸಣ್ಣದು ತಂದರೆ ಅದೇ ಬಿಸಿಯಾಗಿ ಗುಂಯ್ ಅನ್ನುತ್ತದೆ. ಅಲ್ಲಿಯ ವಾರಂಟಿ ಇಲ್ಲಿ ನಡೆಯಲ್ಲ. ಇಂಥ ಡಬ್ಬಿಗಳು ಹತ್ತು ಹನ್ನೆರಡು ಕಿಲೋ ತೂಗುತ್ತವೆ, ಭಾವನ ಬ್ಯಾಗಿನ ಅರ್ಧ ಅದಕ್ಕೇ ಹೋದರೆ ಅಕ್ಕ ಸುಮ್ನೆ ಬಿಡ್ತಾರಾ?

ಜಮಖಾನ ಹಾಸಿ, ಚೆನ್ನಾಗಿ ಕಾಣುತ್ತದೆ. ಆದರೆ ಅದು ತೆಳ್ಳನೆಯ ಹತ್ತಿ ನೇಯ್ಗೆ, ತೀರಾ ಮೇಲಿನ ಕಿಣಿಕಿಣಿ ಸದ್ದು ಸ್ವಲ್ಪ ತಗ್ಗೀತು ಅಷ್ಟೇ. ಮಾತು ಕಲಸಿಹೋಗುವುದು ಅದಕ್ಕಿಂತ ಕೆಳಗಿನ ಸದ್ದಿನಿಂದ, ಅದಕ್ಕೆ ದಪ್ಪ ಬೇಕು. ಜಮಖಾನದ ಕೆಳಗೆ ದಪ್ಪ ಫೆಲ್ಟ್ ಹಾಕಿ, ಕಿಟಕಿಗೆ ನೆರಿಗೆ ಜಾಸ್ತಿ ಇಟ್ಟು ಭಾರದ ಪರದೆ, ಪಕ್ಕದ ಗೋಡೆಗಳಲ್ಲಿ ಸ್ಪೀಕರಿನ ಸದ್ದು ಮೊದಲು ಬಡಿಯುವ ಜಾಗಕ್ಕೆ ನಾಲ್ಕು ಇಂಚು ದಪ್ಪದ ರಾಕ್‌ವೂಲ್ ಪ್ಯಾನೆಲ್ ಬಟ್ಟೆ ಹೊದಿಸಿ. ಆ ಜಾಗ ಹುಡುಕುವುದು ಸುಲಭ. ನೀವು ಸೋಫಾದಲ್ಲಿ ಕೂತು, ಮಗನ ಕೈಗೆ ಕನ್ನಡಿ ಕೊಟ್ಟು ಗೋಡೆಗುಂಟ ಸರಿಸಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆ ಚಾಕ್‌ಪೀಸಲ್ಲಿ ಗುರುತು. ಮೊಟ್ಟೆ ಟ್ರೇ ಅಂಟಿಸಬೇಡಿ, ಅದರಿಂದ ಜಿರಳೆಗೆ ಮಾತ್ರ ಲಾಭ.

ಪ್ರಶ್ನೆ, ಹುಬ್ಬಳ್ಳಿಯಿಂದ:

ಸರ್ ನಂದು 2016ರ ಆಟ್ಮಾಸ್ ರಿಸೀವರ್ ರೀ, ತಲಿ ಮ್ಯಾಲಿಂದನೂ ಸದ್ದು ಬರೋ ಡಾಲ್ಬಿದು. ಟಿವಿ ಸದ್ದು ಎಚ್‌ಡಿಎಂಐ ಕೇಬಲ್‌ನಾಗ ರಿಸೀವರಿಗೆ ಬರ್ತದಲ್ಲ, ಅದಕ್ಕ ಹೊಸಾ ಇಆರ್ಕ್ ಇಲ್ಲ, ಬರೀ ಹಳೇ ಆರ್ಕ್ ಅದ. ಹೊಸಾದು ತಗೊಳ್ದಿದ್ರ ಆಟ್ಮಾಸ್ ಬರಂಗಿಲ್ಲ ಅಂತಾರ ಎಲ್ಲಾರೂ. ಖರೇನ?

ಉತ್ತರ:

ಖರೆ ಅಲ್ರೀ. ಓಟಿಟಿಯ ಆಟ್ಮಾಸ್ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಒಳಗೆ, ನೆಟ್‌ಫ್ಲಿಕ್ಸ್‌ನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್. ಅದು ಹಳೆಯ ಆರ್ಕ್‌ನಲ್ಲಿ ಆರಾಮಾಗಿ ದಾಟುತ್ತದೆ. ದಾಟದೆ ಇರುವುದು ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ, ಅಂದರೆ ಏನೂ ಕಳೆಯದೆ ತುಂಬಿದ ದೊಡ್ಡ ಡಾಲ್ಬಿ ಸಿಗ್ನಲ್. ಡಿಸ್ಕ್ ಪ್ಲೇಯರನ್ನು ನೇರ ರಿಸೀವರಿಗೇ ಚುಚ್ಚಿದರೆ ಆ ಪ್ರಶ್ನೆಯೂ ಇಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಪಾಸ್‌ಥ್ರೂ ಮಾಡಿ, ಹತ್ತರಲ್ಲಿ ಎಂಟು ದೂರು ಅಲ್ಲೇ ಮುಗಿಯುತ್ತವೆ. ಆಪ್ಟಿಕಲ್ ಕೇಬಲ್ ಮಾತ್ರ ಬೇಡ, ಅದರಲ್ಲಿ ಡಿಜಿಟಲ್ ಪ್ಲಸ್ ಹೋಗುವುದಿಲ್ಲ, ಬರೀ ಹಳೆಯ 5.1 ಸಿಗುತ್ತದೆ.

ಪ್ರಶ್ನೆ, ಮೈಸೂರಿನಿಂದ:

ಸರ್, ಸ್ವಲ್ಪ ಭಿನ್ನಾಭಿಪ್ರಾಯ. ನಾನು ಒಂದು ಡೆಮೋ ರೂಮಿನಲ್ಲಿ ಪ್ರೊಸೆಸರ್ ಮತ್ತು ರಿಸೀವರ್ ಎರಡೂ ಕೇಳಿದ್ದೇನೆ. ಪ್ರೊಸೆಸರ್ ಸ್ಪಷ್ಟವಾಗಿ ಚೆನ್ನಾಗಿತ್ತು. ಅದಕ್ಕೇನು ಹೇಳ್ತೀರಿ?

ಉತ್ತರ:

ಎರಡರ ಸದ್ದಿನ ಮಟ್ಟ ಒಂದೇ ಇತ್ತಾ? ಒಂದು ಡೆಸಿಬಲ್ ಜಾಸ್ತಿ ಇದ್ದರೂ ಕಿವಿಗೆ ಜೋರು ಅನಿಸುವುದಿಲ್ಲ, ಚೆನ್ನಾಗಿದೆ ಅನಿಸುತ್ತದೆ. ಮಾರುವವರಿಗೆ ಇದು ಗೊತ್ತು.

ಹಾಗಂತ ಪ್ರೊಸೆಸರ್ ದಂಡ ಅಂತ ನಾನು ಹೇಳುತ್ತಿಲ್ಲ, ನಾನೇ ಹಾಕಿಸಿದ್ದೇನೆ. 9.1.6 ಥರ, ಅಂದರೆ ಸುತ್ತ ಒಂಬತ್ತು, ಸಬ್ ಒಂದು, ತಲೆ ಮೇಲೆ ಆರು, ಹೀಗೆ 15, 16 ಚಾನೆಲ್ ಬೇಕಾದಾಗ, ಮೂರು ನಾಲ್ಕು ಸಬ್ ಒಟ್ಟಿಗೆ ಹೊಂದಿಸಬೇಕಾದಾಗ, ಆಂಪ್‌ಗಳೆಲ್ಲ ಬೇರೆ ಕೋಣೆಯ ರ‍್ಯಾಕಿನಲ್ಲಿದ್ದು ಉದ್ದದ ಕೇಬಲ್‌ನಲ್ಲಿ ಗುಂಯ್ ಸದ್ದು ಸೇರದಂತೆ ತಡೆಯುವ ಬ್ಯಾಲೆನ್ಸ್ಡ್ ಔಟ್‌ಪುಟ್ ಬೇಕಾದಾಗ ಅದೇ ಸರಿ. ಫ್ರಾನ್ಸಿನ ಟ್ರಿನೋವ್, ಸ್ಟಾರ್ಮ್‌ಆಡಿಯೋ ಕಂಪನಿಗಳ ಪ್ರೊಸೆಸರ್ ಇರುವುದು ಅಂಥ ಕೋಣೆಗಳಿಗೆ. ಟ್ರಿನೋವ್ ಮೈಕಿಗೆ ನಾಲ್ಕು ತಲೆ, ಸ್ಪೀಕರ್ ಎಷ್ಟು ದೂರದಲ್ಲಿದೆ ಅನ್ನುವುದರ ಜೊತೆಗೆ ಯಾವ ದಿಕ್ಕಿನಲ್ಲಿ, ಎಷ್ಟು ಎತ್ತರದಲ್ಲಿದೆ ಅಂತಲೂ ಕಂಡುಹಿಡಿಯುತ್ತದೆ. ಕೇಳಿದರೆ ಆಸೆಯಾಗುತ್ತದೆ ನಿಜ. ಆದರೆ ಈ ಪ್ರಶ್ನೆ 16 ಅಡಿ ಕೋಣೆಯದ್ದು, 4 ಲಕ್ಷದ್ದು. ಇನ್ನೊಂದು ವಿಷಯ, ಇಡೀ ಸಿಸ್ಟಮ್ಮಿನಲ್ಲಿ ಬೇಗ ಹಳತಾಗುವುದು ಪ್ರೊಸೆಸರೇ. ಎಚ್‌ಡಿಎಂಐ ಬದಲಾಗುತ್ತಲೇ ಇರುತ್ತದೆ. ಒಳ್ಳೆಯ ಸ್ಪೀಕರ್ ಇಪ್ಪತ್ತು ವರ್ಷ ಹಾಡುತ್ತದೆ.

ಪ್ರಶ್ನೆ, ಶಿವಮೊಗ್ಗದಿಂದ:

ಸರಿ ಸರ್, ರಿಸೀವರೇ. ಎಷ್ಟು ಚಾನೆಲ್? ಪ್ಲಾಸ್ಟರಿಂಗಿಗೆ ಮುಂಚೆ ಏನಾದರೂ ಮಾಡಬೇಕಾ?

ಉತ್ತರ:

ಮಾಡಬೇಕು, ಇದೇ ಅರ್ಜೆಂಟ್. ಸೋಫಾ ಹಿಂದೆ ಜಾಗ ಕಡಿಮೆ ಇರುವುದರಿಂದ 7.1 ಬಿಡಿ. ಈಗ 5.1.2, ಅಂದರೆ ಸುತ್ತ ಐದು, ಸಬ್, ತಲೆ ಮೇಲೆ ಎರಡು. ಸಬ್ ಎರಡಿಟ್ಟರೂ ಲೆಕ್ಕಕ್ಕೆ ಒಂದೇ. 9 ಚಾನೆಲ್ಲಿನ ರಿಸೀವರ್ ಸಿಕ್ಕರೆ ಮುಂದೆ 5.1.4 ಮಾಡಬಹುದು, ಅದಕ್ಕೆ ಪೈಪ್ ಮಾತ್ರ ಈಗಲೇ ಹಾಕಿಸಿ. ಮೋಲ್ಡ್ ಆಗಿಹೋಗಿದೆಯಲ್ಲ, ಮೇಲಿನ ಸ್ಪೀಕರಿನ ವೈರು ಪಿಒಪಿ ಸೀಲಿಂಗ್ ಒಳಗೆ ಹೋಗಲಿ, ಗೋಡೆಯಲ್ಲಿ ಅಲ್ಲಿಯವರೆಗೆ ಪೈಪ್ ಏರಿಸಿದರೆ ಸಾಕು. ಫ್ಯಾನ್ ಪಾಯಿಂಟ್ ಸೋಫಾ ನೇರಕ್ಕೆ ಬೇಡ, ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ಮೇಲಿನ ಸ್ಪೀಕರಿಗೂ ಕಿವಿಗೂ ನಡುವೆ ರೆಕ್ಕೆ ತಿರುಗುತ್ತಿರುತ್ತದೆ.

ಸರೌಂಡ್ ಸ್ಪೀಕರ್ ಪಾಯಿಂಟ್ ಸೋಫಾಕ್ಕಿಂತ ತುಸು ಹಿಂದೆ. ಎರಡೂ ಸಬ್ ಜಾಗಕ್ಕೆ ಪೈಪ್, ಪಕ್ಕದಲ್ಲೇ ಕರೆಂಟ್ ಸಾಕೆಟ್. ಟಿವಿ ಹಿಂದೆ ಎಚ್‌ಡಿಎಂಐಗೆ ಎರಡು ಇಂಚಿನ ಪೈಪ್, ತೆಳ್ಳನೆಯದರಲ್ಲಿ ಅದರ ತಲೆ ತೂರಲ್ಲ. ಸ್ಪೀಕರ್ ವೈರನ್ನು ಕರೆಂಟ್ ವೈರಿನ ಪೈಪಿನಲ್ಲೇ ತಳ್ಳಲು ಎಲೆಕ್ಟ್ರಿಷಿಯನ್ ನೋಡುತ್ತಾರೆ, ಬಿಡಬೇಡಿ. ವೈರ್ 14 ಗೇಜಿನ ಶುದ್ಧ ತಾಮ್ರದ್ದೇ ಇರಲಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದರೂ ಸರಿ, ಶಿವಮೊಗ್ಗದಲ್ಲೇ ಕೊಂಡರೂ ಸರಿ, ಒಂದು ಎಳೆಯನ್ನು ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ, ವಾಪಸ್ ಕೊಡಿ.

ಪೈಪ್ ಹಾಕಿದ ಮೇಲೆ, ಗಾರೆ ಮೆತ್ತುವ ಮೊದಲು, ನಾಲ್ಕೂ ಗೋಡೆಗೆ ಟೇಪ್ ಹಿಡಿದು ಫೋಟೋ ತೆಗೆದು ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.